ಗುರುವಾರ, ಬೀದರ

ಗಲ್ಲಿಯ ತುದಿಗೆ ಸ್ಕೂಟಿ ನಿಲ್ಲಿಸಿ ಚಪ್ಪಲಿ ಬಿಡುವಾಗಲೇ
ಒಳಗಿಂದ ಟಕ್ ಟಕ್ ಸುತ್ತಿಗೆ:
ಅಜ್ಜ ಬೆಳ್ಳಿ ಎಳೆ ಕೂರಿಸುತ್ತಿದ್ದಾನೆ
ಹೂಜಿಯ ಕೊರಳಿಗೆ.

ಮುನೀಬನಿಗೆ ನಾಲ್ಕು ವರ್ಷ. 'ಲ' ಇಲ್ಲ.
ಮೇಲ್ಹಲ್ಲಿನ ಹಿಂದೆ ಚೂರು ಬೆಲ್ಲ ಅಂಟಿಸಿ
ಕನ್ನಡಿ ಹಿಡಿದು ಕೂತಿದ್ದೇನೆ,
ಇದು ಆರನೇ ವಾರ.
ಅವನು ಬೆರಳು ಹಾಕಿ ಕಿತ್ತು ತಿನ್ನುತ್ತಾನೆ.

'ನಮ್ಮದೂ ನಾಲಿಗೀದೇ ಕೆಲಸ ಅದ, ಬಾಯಿ'
ಅಂದ ಅಜ್ಜ, ಕಿಲ್ಲೆಯ ಮಣ್ಣು
ಚಿಟಿಕೆಯಷ್ಟು ನಾಲಿಗೆ ತುದಿಗಿಟ್ಟು
ಕಣ್ಣು ಮುಚ್ಚಿದ.
'ಇದು ಛಲೋ ಕಪ್ಪು ಕೊಡ್ತದ.'

ಹುಡುಗ ನೋಡಿದ.
ತಾನೂ ಮುಚ್ಚಿದ ಕಣ್ಣು.

ಕನ್ನಡಿಯೊಳಗೆ ನಾಲಿಗೆ, ನಡುಗುತ್ತ,
ಮೇಲಕ್ಕೆ.

ಸದ್ದು ಇನ್ನೂ ಇಲ್ಲ.
ಫೈಲಿನಲ್ಲಿ 'ಪ್ರಗತಿ' ಎಂಬ ಕಡೆ
ಏನು ಬರೆಯುವುದು?
ಬೆಲ್ಲ ಕರಗಿತು,
ಅಂತ ಬರೆದೆ.