ಸೀಟು ಇದ್ದರ

ಸಾಂಬ್ರಾ ಗೇಟಿನ ಒಳಗ ತಗಡಿನ ಶೆಡ್ಡು,
ಅದರಾಗೊಂದು ತಕ್ಕಡಿ.
ರವಿವಾರಪೇಟಿಯೊಳಗ ಬೆಲ್ಲದ ಪೆಂಟಿ ತೂಗತಾರಲ್ಲ, ಅಂಥಾದ್ದ.
ಮೊದಲು ಚೀಲ ಇಟ್ಟರು, ಆಮ್ಯಾಲ ನನ್ನ, ಆಮ್ಯಾಲ ಕಸ್ತೂರಿನ್ನ.
ಇಪ್ಪತ್ತಾರು. ಐವತ್ನಾಕು. ಹದಿನೇಳು.
ಬರಕೊಂಡವ ಮುಖ ಎತ್ತಲಿಲ್ಲ.
ಸೀಟು ಇದ್ದರ ಕರೀತೀವಿ ಅಂದ, ಹಿಂದಿಯೊಳಗ.

ಅದಕ್ಕೂ ಮೊದಲು ಒಂದು ಕಾಗದ:
ವಿಮಾನ ಬಿದ್ದರ ಸರಕಾರನ ಏನೂ ಕೇಳಂಗಿಲ್ಲ ಅಂತ
ಇಂಗ್ಲಿಷಿನೊಳಗ ಐತಂತ.
ಕನ್ನಡದೊಳಗ ಸಹಿ ಮಾಡಿದೆ.
ಇನ್ನೊಂದು ಅಂದ.
ಯಾರದು?
ಮಗಳದು.

ಪೆನ್ನಿಗೆ ದಾರ ಕಟ್ಟಿದ್ದರು, ಯಾರೂ ಒಯ್ಯಬಾರದಂತ.
ದಾರ ಅಷ್ಟು ಗಿಡ್ಡ ಇತ್ತು,
ಎರಡನೇ ಸಹಿಗೆ ನಾನು ಬಗ್ಗಬೇಕಾತು.

ಸರತಿ ಹಿಂಗ:
ಡ್ಯೂಟಿ ಮ್ಯಾಲ ಹೊಂಟವರು ಮೊದಲು,
ಆಮ್ಯಾಲ ಜಡ್ಡಿನವರು,
ಆಮ್ಯಾಲ ಅವ್ವನ್ನ ಮಣ್ಣು ಮಾಡಿ ತಿರುಗಿ ಹೊಂಟ ಹುಡುಗೂರು,
ಟೈರು, ಟಪಾಲು, ಜನರೇಟರಿನ ಒಂದು ಕಾಲು,
ಬಟಾಟಿ.
ಹೌದು, ನಮ್ಮ ಕಡೋಲಿ ಬಟಾಟಿ,
ದ್ವೀಪದ ಮೆಸ್ಸಿಗೆ, ಕೊಳ್ಳಾಗ ಚೀಟಿ ಕಟಗೊಂಡು.
ಅವುಕ್ಕ ಜಾಗಾ ಖಾತ್ರಿ.
ಹೆಂಡರು ಮಕ್ಕಳು ಎಲ್ಲಾ ಆದ ಮ್ಯಾಲ.

ಮೊದಲನೇ ದಿನ ಮಾವ ಮಗ್ಗ ನಿಲ್ಲಿಸಿ ಹೊರಗ ಬಂದಿದ್ದ.
ಅತ್ತಿ ಅಂಗೈಗೆ ಮೊಸರು ಹಾಕಿದಳು.
ಸುಳೇಭಾವಿ ಓಣಿ ಓಣಿನ ಬಸ್ಸಿನ ತನಕ ಬಂತು,
ನೀಲಗಂಗಕ್ಕ ಸೆರಗು ಕಚ್ಚಿ ಅತ್ತಳು.
ಸಂಜೀಕ ಅದ ಬಸ್ಸಿಗೆ ತಿರುಗಿ ಬಂದೆ.
ಕುಂದಾದ ಡಬ್ಬಿ ಬಿಸಲಿಗೆ ಬೆವತಿತ್ತು.

ಎರಡನೇ ದಿನ ಮೊಸರು ಇತ್ತು, ಅಳು ಇರಲಿಲ್ಲ.

ಮೂರನೇ ದಿನ "ಹೋಗಿ ಬಾ" ಅಂತ ಒಳಗಿಂದನ ಅಂದರು.
ಮಗ್ಗ ನಿಲ್ಲಲಿಲ್ಲ.
ಕಟ್ಟಿ ಮ್ಯಾಲ ಕುಂತ ಹುಡುಗ ಕೇಳಿದ:
"ಯಕ್ಕಾ, ಸಂಜೀಕ ಬರೂಮುಂದ ಬ್ರೆಡ್ ತರತಿ?"
ತರತೀನಿ ಅಂದೆ.

ಶೆಡ್ಡಿನ್ಯಾಗ ಕಾಯೂದು ಬ್ಯಾರೆ ಥರದ್ದು.
ಗಡಿಯಾರ ಐತಿ, ಆದರ ಅದು ಯಾರನ್ನೂ ಕರಿಯಂಗಿಲ್ಲ.
ಬಾಳಂತಿ ಒಬ್ಬಾಕಿ ಗ್ವಾಡಿ ಕಡೆ ಮಾರಿ ಮಾಡಿ ಹಾಲು ಕುಡಸತಾಳ,
ಆಕೀ ಕೂಸಿಗೂ ಸಹಿ ಆಗೇದ.
ಫೋನಿನ್ಯಾಗ ಅವನ ದನಿ ನೀರಿನ ತಳದಿಂದ ಬಂದಂಗ:
"ಹಿಟ್ಟು ಮರೀಬ್ಯಾಡ. ಬಿಳಿ ಜ್ವಾಳದ್ದು."
ಹದಿನಾಲ್ಕು ತಿಂಗಳಾತು ಮಾರಿ ನೋಡಿ,
ಇವಗ ಹಿಟ್ಟಿಂದ ಚಿಂತಿ.

ಬಿಸಲು ಇಳಿಯೂಮುಂದ ಸಾರ್ಜೆಂಟ್ ಬಂದು ಕೂಗಿದ:
"ಹನಿ ಬರಾಟಿ! ಹನೆ ಬರ್ಹ!"
ಯಾರೂ ಏಳಲಿಲ್ಲ. ಮತ್ತ ಕೂಗಿದ.
ಹಣೆಬರಹ ಅಂತ ಯಾರಿಗೆ ಕರೀತಾನಿವ ಅಂತ
ನಾನೂ ಹೊಳ್ಳಿ ನೋಡಿದೆ.
ಕಸ್ತೂರಿ ಸೀರಿ ಜಗ್ಗಿದಳು:
"ಯವ್ವಾ, ಹಣಬರಟ್ಟಿ. ನಾವ."

ಒಬ್ಬ ಬರಲಿಲ್ಲಂತ. ಯಾಕ ಬರಲಿಲ್ಲೋ ಕೇಳಲಿಲ್ಲ,
ಕೇಳಿದರ ಸೀಟು ಹೋದೀತು ಅಂತ ಅಂಜಿಕಿ.
ಚೀಲ ಆರು ಕಿಲೋ ಹೆಚ್ಚು. ಎರಡು ನಿಮಿಷ ಕೊಟ್ಟ.
ಲಗ್ನದ ಸೀರಿ ತಗದೆ, ಉಪ್ಪಿನಕಾಯಿ ಬರಣಿ ತಗದೆ,
ಕಬ್ಬಿಣದ್ದು ಒಂದು ತಗದೆ, ಭಾರ ಇತ್ತು.
ಹಿಟ್ಟಿಗೆ ಕೈ ಹಚ್ಚಲಿಲ್ಲ.

ಒಳಗ ಕಿಟಕಿ ಇಲ್ಲ. ಜಾಳಗಿ ಸೀಟು, ಹಗ್ಗ,
ನೂರು ಮಗ್ಗ ಒಮ್ಮೆಲೆ ಶುರು ಆದಂಥ ಸಪ್ಪಳ.
ಎದುರಿಗೆ ಬಟಾಟಿ ಚೀಲ, ಬೆಲ್ಟ್ ಕಟಗೊಂಡು,
ನಮ್ಮಕಿಂತ ಸಮಾಧಾನದಿಂದ ಕುಂತಾವ.
ತಾಂಬರಮ್ಮಿನ್ಯಾಗ ವಿಮಾನ ಎಣ್ಣಿ ಕುಡೀತು.
ಮತ್ತ ಏರಿತು.
ಆಮ್ಯಾಲ ಒಬ್ಬ ಕೈ ಅಲೆ ಮಾಡಿ ತೋರಿಸಿದ,
ಕೆಳಗ ಸಮುದ್ರ ಅಂತ.
ಕಸ್ತೂರಿ ಕಾಲಬುಡಕಿನ ತಗಡು ನೋಡಿದಳು,
ನಾನೂ ನೋಡಿದೆ.

ಅವಾಗ ನೆನಪಾತು:
ಆ ಕಬ್ಬಿಣದ್ದು ಹಂಚು.

ಐದು ಕಿಲೋ ಹಿಟ್ಟು ತೊಡಿ ಮ್ಯಾಲ ಇಟಕೊಂಡು
ಒಬ್ಬಾಕಿನ ನಕ್ಕೆ. ಯಾರಿಗೂ ಕೇಳಸಲಿಲ್ಲ.
ಸಾಂಬ್ರಾದಾಗ ಆ ತಕ್ಕಡಿ ಮ್ಯಾಲ
ನನ್ನ ಹಂಚು ಇನ್ನೂ ಕುಂತಿರಬೇಕು,
ಮೂರು ಕಿಲೋ ಚಿಲ್ಲರ,
ಸೀಟು ಇದ್ದರ ಅಂತ.