ಕಾದದ್ದು ಸಾಕು

ಖಾತುನಾ, ನಿನಗೆ ಹೇಳುತ್ತಿದ್ದೇನೆ, ನಿನ್ನಮ್ಮನಿಗೆ ಬೇಡ.
ಕುಟಾಯಿಸಿಯ ಈ ಓಣಿಯಲ್ಲಿ ಗೋಡೆಗೆ ಕಿವಿ,
ದ್ರಾಕ್ಷಿಚಪ್ಪರಕ್ಕೆ ಬಾಯಿ.

ನಿನ್ನಣ್ಣ ನಸುಕಿನ ನಾಲ್ಕಕ್ಕೆದ್ದು
ತೋನೆಯ ಅಂಚಿಗೆ ಹೊಟ್ಟೆ ಆನಿಸಿ ಬಗ್ಗುತ್ತಾನೆ,
ಮಣ್ಣಿನ ಆ ಬಾವಿಯೊಳಗೆ ಅರ್ಧ ಮುಳುಗಿ
ಕೆಂಡದ ಮೇಲಿನ ಗೋಡೆಗೆ ಹಿಟ್ಟು ಬಡಿಯುತ್ತಾನೆ.
ಎದ್ದಾಗ ಕೈಯಲ್ಲೊಂದು ಶೋತಿ,
ಎರಡೂ ತುದಿ ಚೂಪಾದ ಚಂದ್ರನ ತುಂಡು.
ಹದಿನಾಲ್ಕು ವರ್ಷದಿಂದ, ದಿನಕ್ಕೆ ಮುನ್ನೂರು ಚಂದ್ರ.
ನಾನು ಒಂದೇ ಚಂದ್ರನನ್ನು ಎಣಿಸುತ್ತಿದ್ದೆ,
ತಿಂಗಳಿಗೊಮ್ಮೆ, ಬಚ್ಚಲಲ್ಲಿ, ಚಿಲಕ ಹಾಕಿಕೊಂಡು.

ಮದುವೆಯ ದಿನ ನನಗೆ ಮೂವತ್ತಮೂರು.
ಕಾಲ ಕೂಡಿ ಬರಬೇಕು, ಅಂದರು ನಿನ್ನಮ್ಮ.
ಮೇಣದಬತ್ತಿ ಹಚ್ಚು, ಅಂದರು ಪಾದ್ರಿ.
ಪಕ್ಕದ ಮನೆಯ ನಾನುಲಿ
ಹಸಿ ಆಕ್ರೋಟಿನ ಮುರಬ್ಬ ತಂದುಕೊಟ್ಟು
ನನ್ನ ಸೊಂಟವನ್ನೇ ನೋಡುತ್ತ ನಿಂತಳು.
ಅವನ ತೋನೆ ಕಾದಿತ್ತು.
ನಾನೂ ಕಾದಿದ್ದೆ.
ಒಂದೇ ಮಾತು, ಎರಡು ಬೆಂಕಿ.

ಹಿಟ್ಟು ಉಬ್ಬುವುದಕ್ಕೊಂದು ಹೊತ್ತಿದೆ,
ದಾಟಿದರೆ ಹುಳಿ.
ರೊಟ್ಟಿಯವನ ಹೆಂಡತಿಗೆ
ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಒಬ್ಬಳೇ ಹೋದೆ.
ರಕ್ತ ಕೊಟ್ಟೆ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್,
ಗರ್ಭನಾಳದಲ್ಲಿ ಔಷಧಿ ಹರಿಸಿ ತೆಗೆದ ಚಿತ್ರ.
ದಾರಿ ತೆರೆದಿತ್ತು, ಮೊಟ್ಟೆಗಳಿದ್ದವು,
ಸ್ವಲ್ಪ ಕಡಿಮೆ, ಆದರೂ ಇದ್ದವು.
ಡಾಕ್ಟರ್ ಎತೆರಿ ಕನ್ನಡಕ ತೆಗೆದು ಕೇಳಿದರು:
"ಒಬ್ಬಳೇ ಬಂದೆಯಾ?
ರೊಟ್ಟಿ ಕೆಟ್ಟರೆ ಹಿಟ್ಟನ್ನಷ್ಟೇ ಬೈತೀರಾ ನಿಮ್ಮಲ್ಲಿ?

"ಮೂವತ್ತೈದರ ಒಳಗಿದ್ದರೆ ಒಂದು ವರ್ಷ ನೋಡಬಹುದು.
ಆಮೇಲೆ ಆರೇ ತಿಂಗಳು.
ನಲವತ್ತಾಗಿದ್ದರೆ ಬಯಸಿದ ದಿನವೇ ಬರಬೇಕು.
ಮುಟ್ಟು ದಾರಿ ತಪ್ಪಿ ನಡೆಯುತ್ತಿದ್ದರೆ,
ಆ ದಿನಗಳಲ್ಲಿ ಹೊಟ್ಟೆ ಹಿಂಡಿ ಏಳಲಾಗದಿದ್ದರೆ,
ಹರೆಯದಲ್ಲಿ ಅವನಿಗೆ ಮಂಗನಬಾವು ಇಳಿದಿದ್ದರೆ
ಎಣಿಸುತ್ತ ಕೂರುವುದೇ ಬೇಡ.
ಇಬ್ಬರೂ ಬನ್ನಿ, ಒಟ್ಟಿಗೆ."

ಮಾಲ್ಖಾಜ್‌ಗೆ ಹೇಳಿದೆ. ಒಂಬತ್ತು ದಿನ ಮಾತಿಲ್ಲ.
ಅಂಗಡಿಯ ಮುಂದೆ ನಿಂತವರಿಗೆ
ಒಂಬತ್ತು ದಿನ ಸೀದ ರೊಟ್ಟಿ.
ಹತ್ತನೆಯ ದಿನ ಮುಖ ತೊಳೆಯುತ್ತ ಕೇಳಿದ,
"ಏನು ಮಾಡಬೇಕಂತೆ?"

ಒಂದು ಪುಟ್ಟ ಡಬ್ಬಿ, ಬಿಗಿ ಮುಚ್ಚಳ.
ಒಂದು ಗಂಟೆಯೊಳಗೆ ತಲುಪಬೇಕು,
ಮೈಯ ಬಿಸಿ ಆರಕೂಡದು.
ಜನವರಿ, ಖಾತುನಾ. ರಿಯೋನಿಯ ಮೇಲೆ ಹೊಗೆಯಂಥ ಮಂಜು.
ಇಪ್ಪತ್ತು ಜನ ತುಂಬಿದ ವ್ಯಾನಿನಲ್ಲಿ
ನಿನ್ನಣ್ಣ ಅದನ್ನು ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡ,
ಥೇಟ್ ಆ ದಿನಗಳಂತೆ,
ಕೊನೆಯ ಶೋತಿಯನ್ನು ನನಗೆಂದು
ಅಂಗಿಯೊಳಗೆ ಮುಚ್ಚಿಟ್ಟು ತರುತ್ತಿದ್ದನಲ್ಲ, ಹಾಗೆ.
ದಾರಿಯುದ್ದಕ್ಕೂ ಕೈ ಅಲ್ಲಾಡಿಸಲಿಲ್ಲ.
ಟಿಕೆಟ್ಟಿನ ಕಾಸೂ ನಾನೇ ಕೊಟ್ಟೆ.

ಎಣಿಕೆ ಕಡಿಮೆ ಬಂತು, ಓಟವೂ.
ತೋನೆಯ ಕಾವು ಇರಬಹುದು, ಬೇರೇನೋ ಇರಬಹುದು,
ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಅಂದರು ಎತೆರಿ.
ಈಗ ಬಗ್ಗುವುದು ಕೆಲಸದ ಹುಡುಗ,
ನಿನ್ನಣ್ಣ ಹಿಟ್ಟು ನಾದುತ್ತಾನೆ, ಗೊಣಗುತ್ತಾನೆ.
ನಾಳೆ ಏನೋ, ನನಗೂ ಗೊತ್ತಿಲ್ಲ.
ಮೂರು ವರ್ಷ ಹೋದವು, ಅದಷ್ಟೇ ಗೊತ್ತು.
ಅವು ಯಾರ ಮುರಬ್ಬಕ್ಕೂ ತಿರುಗಿ ಬರುವವಲ್ಲ.

ನಿನ್ನದಿನ್ನೂ ಎಂಟು ತಿಂಗಳು, ಬಲ್ಲೆ.
ವರ್ಷವೇ ಆಗಿಲ್ಲ ಅನ್ನುತ್ತೀಯ.
ನಿನಗೆ ಮೂವತ್ತೇಳು ಕಣೇ.
ಅಳಬೇಡ, ಹೆದರಿಸಲು ಹೇಳಿದ್ದಲ್ಲ.
ಮಂಗಳವಾರ ನಾವು ಹೋಗುತ್ತಿದ್ದೇವೆ,
ಏಳೂವರೆಯ ವ್ಯಾನು.
ನಿನ್ನ ಗಂಡನನ್ನೂ ಎಬ್ಬಿಸಿಕೊಂಡು ಬಾ.