ಹನ್ನೆರಡನೇ ಹಂತ

ವೀಸಾದ ಮೇಲೆ ಮುದ್ರೆ: ಕೆಲಸ ಮಾಡುವಂತಿಲ್ಲ.
ಅದಕ್ಕೇ ಆಟ ಮಾಡುತ್ತೇನೆ.
ಕಂಪನಿಯಲ್ಲಿ ಒಬ್ಬಳೇ. ಚಿತ್ರ, ಸದ್ದು, ಕೋಡು,
ದೂರಿದವರಿಗೆ ಕ್ಷಮಾಪಣೆ,
ಎಲ್ಲ ಈ ಇಸ್ತ್ರಿ ಮೇಜಿನ ಮೇಲೆ.

ಬಿಸಿಲು ಮುಟ್ಟದೆ ರಸ್ತೆ ದಾಟಬೇಕು, ಅಷ್ಟೇ ಆಟ.
ಟ್ಯಾಂಕಿನ ನೆರಳು, ನಿಂತ ಬಸ್ಸಿನ ನೆರಳು,
ಮಿನಾರಿನದು, ಸಪೂರ, ಒಂದೇ ಕಾಲಿಡುವಷ್ಟು.

ಅಪರಾತ್ರಿ ಯಾರೋ ಬರೆದಿದ್ದಾರೆ, ಹೆಸರಿಲ್ಲದೆ:
“ಹನ್ನೆರಡನೇ ಹಂತ ದಾಟಲಾಗದು.
ನೆರಳೇ ಇಲ್ಲ. ಮೋಸ.”
ಮೂರು ಸಲ ಓದಿದೆ ಕೋಡನ್ನು.
ಜೂನಿನ ಸೂರ್ಯ, ನೆತ್ತಿಯ ನೇರ. ಲೆಕ್ಕ ಸರಿಯಿದೆ.

ನಾನೇ ಆಡಿ ನೋಡೋಣವೆಂದು
ನಡುಹಗಲು ರೂವಿಯ ಬೀದಿಗಿಳಿದೆ.
ನನ್ನ ನೆರಳು ಚಪ್ಪಲಿಯಡಿ ಅವಿತಿತ್ತು.
ಆಚೆ ಬದಿಯಿಂದ ನಮ್ಮ ಕಟ್ಟಡದ ಕಾವಲಿನ ಶೇರ್ ಜಮಾನ್,
ಬಾಳೆಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆ
ತಲೆಗೆ ಕವುಚಿಕೊಂಡು,
ಕೈ ಹಾಕುವ ತೂತಿಗೆ ಕಣ್ಣಿಟ್ಟು,
ಅವಸರವೇ ಇಲ್ಲದೆ
ದಾಟಿಬಿಟ್ಟ.
“ಬಿಸಿಲಲ್ಲಿ ಯಾಕೆ ನಿಂತಿದ್ದೀ ತಂಗಿ?”
ಕೇಳಿತು ಪೆಟ್ಟಿಗೆ.

ಆಟದಲ್ಲಿ ಎಲ್ಲ ನೆರಳೂ ಕಟ್ಟಡಗಳಿಗೆ ಕೊಟ್ಟಿದ್ದೆ.
ಹೊತ್ತುಕೊಂಡು ಹೋಗಬಹುದೆಂದು
ಹೊಳೆದಿರಲೇ ಇಲ್ಲ, ಒಂಬತ್ತು ತಿಂಗಳು.

ಸಂಜೆ ಬದಲಾವಣೆಗಳ ಪಟ್ಟಿಗೆ ಒಂದು ಸಾಲು:
ಹನ್ನೆರಡನೇ ಹಂತದಲ್ಲಿ, ಹಣ್ಣಿನಂಗಡಿ ಹಿಂದೆ,
ಏನೋ ಇಟ್ಟಿದ್ದೇನೆ.
ಹುಡುಕಿಕೊಳ್ಳಿ.